ಮನೆಯ ದೀಪ, ಸರ್ಕಾರದ ಕಾಯಿದೆ

ಮನೆಯೊಳಗೆ ಯಾವ ದೀಪ ಹಚ್ಚಬೇಕೆಂಬುದು ಮನೆಯವರ ಇಷ್ಟಕ್ಕೆ ಬಿಟ್ಟ ವಿಷಯವೆಂದೇ ನಾವೆಲ್ಲ ತಿಳಿದಿರುತ್ತೇವೆ. ಹರಳೆಣ್ಣೆಯ ಹಣತೆಯೋ, ಸೀಮೆಎಣ್ಣೆಯ ಬುಡ್ಡಿಯೋ, ಕಂದೀಲೋ, ಟ್ಯೂಬ್‌ಲೈಟೋ, ಕೈಯಲ್ಲಿರುವ ಕಾಸು ನೋಡಿಕೊಂಡು ಕೊಳ್ಳುತ್ತೇವೆ. ಆದರೆ ಕಳೆದ ಮುನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ ಈ ಆಯ್ಕೆಯಲ್ಲಿ ಸರ್ಕಾರಗಳೂ ದೊಡ್ಡ ಕಂಪನಿಗಳೂ ಮತ್ತೆ ಮತ್ತೆ ಕೈ ಹಾಕಿರುವುದು ಕಾಣುತ್ತದೆ. 2007ರಿಂದ ಈಚೆಗೆ ಅಮೆರಿಕ ಮತ್ತು ಯೂರೋಪಿನಲ್ಲಿ ಸಾಧಾರಣವಾದ ಒಂದು ಬಲ್ಬಿನ ಸಲುವಾಗಿ ನಡೆದ ಜಗಳ ಈ ಕಥೆಯ ಇತ್ತೀಚಿನ ಅಧ್ಯಾಯ. ದೂರದರ್ಶನದ ಅರ್ಧ ಗಂಟೆಯ ಮಾತುಕತೆಯಲ್ಲಿ ಆ ಜಗಳವನ್ನು ತೋರಿಸಬಹುದು. ಅದರ ಬೇರುಗಳನ್ನು ತೋರಿಸಲು ವೇಳೆ ಸಾಲದು. ಅದಕ್ಕಾಗಿ ಈ ಪುಟಗಳು.

ಮೊದಲು ಇಂಗ್ಲೆಂಡಿಗೆ ಹೋಗೋಣ. 1709ರಲ್ಲಿ, ಆನ್ ರಾಣಿಯ ಆಳ್ವಿಕೆಯಲ್ಲಿ, ಬ್ರಿಟಿಷ್ ಸಂಸತ್ತು ಮೇಣದ ಬತ್ತಿಗಳ ಮೇಲೆ ಸುಂಕ ವಿಧಿಸಿತು. ಆಗ ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿತ್ತು. ಖಜಾನೆಗೆ ಹಣ ಬೇಕಾಗಿತ್ತು. ಶ್ರೀಮಂತರು ಬಳಸುತ್ತಿದ್ದ ಜೇನುಮೇಣದ ಬತ್ತಿಗೆ ಪೌಂಡು ತೂಕಕ್ಕೆ ನಾಲ್ಕು ಪೆನ್ನಿ, ದನ ಕುರಿಗಳ ಕೊಬ್ಬಿನಿಂದ ಮಾಡಿದ ಸಾಮಾನ್ಯ ಬತ್ತಿಗೆ ಅರ್ಧ ಪೆನ್ನಿ. ಎರಡು ವರ್ಷಗಳೊಳಗೆ ಈ ದರ ಇಮ್ಮಡಿಯಾಯಿತು. ಸುಂಕಕ್ಕಿಂತ ಗಮನಾರ್ಹವಾದದ್ದು ಕಾಯಿದೆಯ ಇನ್ನೊಂದು ನಿಬಂಧನೆ. ಪರವಾನಗಿ ಪಡೆದು ಸುಂಕ ಕಟ್ಟದೆ ಯಾರೂ ಮನೆಯಲ್ಲಿ ಮೇಣದ ಬತ್ತಿ ಮಾಡಿಕೊಳ್ಳುವಂತಿರಲಿಲ್ಲ. ಅಡುಗೆಮನೆಯಲ್ಲಿ ಉಳಿದ ಕೊಬ್ಬನ್ನು ಕರಗಿಸಿ ತನ್ನ ಮನೆಗೆ ತಾನೇ ಬತ್ತಿ ಎರೆದುಕೊಂಡ ಗೃಹಿಣಿ ಅಪರಾಧಿಯಾಗುತ್ತಿದ್ದಳು.

ಒಂದು ರಿಯಾಯಿತಿ ಮಾತ್ರ ಇತ್ತು. ಕೆರೆಯಂಚಿನಲ್ಲಿ ಬೆಳೆಯುವ ಜೊಂಡಿನ ಸಿಪ್ಪೆ ಸುಲಿದು, ಒಳಗಿನ ತಿರುಳನ್ನು ಒಮ್ಮೆ ಮಾತ್ರ ಕೊಬ್ಬಿನಲ್ಲಿ ಅದ್ದಿ, ಒಣಗಿಸಿ ಉರಿಸುವ ಬಡವರ ದೀಪಕ್ಕೆ ಸುಂಕವಿರಲಿಲ್ಲ. ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿಯೂ ಪ್ರಕೃತಿ ವೀಕ್ಷಕನೂ ಆಗಿದ್ದ ಗಿಲ್ಬರ್ಟ್ ವೈಟ್ 1775ರ ಒಂದು ಪತ್ರದಲ್ಲಿ ಈ ದೀಪದ ಲೆಕ್ಕವನ್ನು ವಿಜ್ಞಾನಿಯ ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ. ಒಂದು ಪೌಂಡು ಒಣ ಜೊಂಡಿನಲ್ಲಿ ಸಾವಿರದ ಆರುನೂರಕ್ಕೂ ಹೆಚ್ಚು ಕಡ್ಡಿಗಳಿದ್ದವು. ಅವನು ಗಡಿಯಾರ ಹಿಡಿದು ನೋಡಿದ ಒಂದು ಉದ್ದನೆಯ ಕಡ್ಡಿ 57 ನಿಮಿಷ ಉರಿಯಿತು. ಪೆನ್ನಿಯ ಕಾಲು ಭಾಗವಾದ ಒಂದು ಫಾರ್ದಿಂಗಿಗೆ ಬಡ ಸಂಸಾರವೊಂದು ಐದೂವರೆ ಗಂಟೆ ಬೆಳಕು ಪಡೆಯಬಹುದೆಂದು ಅವನ ಲೆಕ್ಕ. ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ತೀರ ಬಡವರು ಜೊಂಡು ಉರಿಸದೆ ಪ್ರತಿ ಸಂಜೆ ಅರ್ಧ ಪೆನ್ನಿ ಕೊಟ್ಟು ಅಂಗಡಿಯ ಬತ್ತಿ ತರುತ್ತಾರೆ, ಗಾಳಿ ನುಗ್ಗುವ ಅವರ ಮನೆಗಳಲ್ಲಿ ಅದು ಎರಡು ಗಂಟೆಗಿಂತ ಹೆಚ್ಚೇನೂ ಉರಿಯುವುದಿಲ್ಲ ಎಂದು ಅವನು ಬೇಸರಪಡುತ್ತಾನೆ. ಲೆಕ್ಕಾಚಾರ ತಿಳಿಯದವರು ಎಂಬುದು ಅವನ ಆಕ್ಷೇಪ. ನನಗೇನೋ ಪಾದ್ರಿಯ ಈ ಮಾತು ನ್ಯಾಯವೆನಿಸುವುದಿಲ್ಲ. ಬೇಸಿಗೆಯಲ್ಲಿ ಜೊಂಡು ಕೊಯ್ದು ಸುಲಿಯಲು ಬಿಡುವಿರಬೇಕು, ಅದ್ದಲು ಕೊಬ್ಬೂ ಇರಬೇಕು. ದಿನಗೂಲಿಯವನಿಗೆ ಎರಡೂ ದುರ್ಲಭ. ದುಬಾರಿಯಾದದ್ದನ್ನೇ ಚಿಲ್ಲರೆಯಾಗಿ ಕೊಳ್ಳುವುದು ಇಂದಿಗೂ ಬಡವರ ಪಾಡು.

ಮೇಣದ ಬತ್ತಿಯ ಸುಂಕ 1831ರಲ್ಲಿ ರದ್ದಾಯಿತು. ನೂರಿಪ್ಪತ್ತು ವರ್ಷಗಳಿಗೂ ಮೀರಿ ಅದು ನಡೆದಿತ್ತು. ಹಗಲಿನ ಬೆಳಕೂ ಸುಂಕದಿಂದ ತಪ್ಪಿಸಿಕೊಂಡಿರಲಿಲ್ಲ. 1696ರಿಂದ 1851ರವರೆಗೆ ಅಲ್ಲಿ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ತೆರಿಗೆ ತಪ್ಪಿಸಲು ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳು ಬ್ರಿಟನ್ನಿನ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿವೆ. ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಫ್ರಾನ್ಸಿನ ಬಾಸ್ತಿಯಾ 1845ರಲ್ಲಿ ಬರೆದ ವಿಡಂಬನೆ ಪರಿಚಯವಿರಬಹುದು. ಅದರಲ್ಲಿ ಮೇಣದ ಬತ್ತಿ ವ್ಯಾಪಾರಿಗಳು ತಮ್ಮ ವಿದೇಶಿ ಪ್ರತಿಸ್ಪರ್ಧಿಯಾದ ಸೂರ್ಯನ ಮೇಲೆ ಸರ್ಕಾರಕ್ಕೆ ದೂರು ಕೊಟ್ಟು, ದೇಶದ ಕಿಟಕಿಗಳನ್ನೆಲ್ಲ ಮುಚ್ಚಿಸಬೇಕೆಂದು ಬೇಡಿಕೊಳ್ಳುತ್ತಾರೆ. ಕಿಟಕಿ ತೆರಿಗೆ ಕಟ್ಟುತ್ತಿದ್ದವರಿಗೆ ಅದು ಬರಿಯ ನಗೆಯ ಮಾತಾಗಿ ಕಂಡಿರಲಾರದು.

ಈ ಕಾಯಿದೆಗಳ ಗುರಿ ಹಣ. ಬೆಳಕಿನ ಗುಣವಾಗಲಿ ಇಂಧನದ ಉಳಿತಾಯವಾಗಲಿ ಯಾರ ಲಕ್ಷ್ಯದಲ್ಲೂ ಇರಲಿಲ್ಲ. ವಿದ್ಯುತ್ ಬಂದ ಮೇಲೆ ಪ್ರಶ್ನೆಯ ಸ್ವರೂಪ ಬದಲಾಯಿತು. ಆಗ ಗ್ರಾಹಕನ ಆಯ್ಕೆಯನ್ನು ಮೊದಲು ನಿರ್ಬಂಧಿಸಿದ್ದು ಸರ್ಕಾರವಲ್ಲ, ಬಲ್ಬು ತಯಾರಕರೇ ಎಂಬುದು ಈ ಚರಿತ್ರೆಯ ಸ್ವಾರಸ್ಯ. 1924ರ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಜರ್ಮನಿಯ ಓಸ್ರಾಂ, ಹಾಲೆಂಡಿನ ಫಿಲಿಪ್ಸ್ ಮೊದಲಾದ ಪ್ರಮುಖ ಕಂಪನಿಗಳು ಸೇರಿ ಫೀಬಸ್ ಎಂಬ ಕೂಟ ಕಟ್ಟಿಕೊಂಡವು. ಜಗತ್ತಿನ ಮಾರುಕಟ್ಟೆಯನ್ನು ಹಂಚಿಕೊಂಡವು. ಮನೆಬಳಕೆಯ ಬಲ್ಬು ಒಂದು ಸಾವಿರ ಗಂಟೆ ಉರಿಯಬೇಕು, ಅದಕ್ಕಿಂತ ಹೆಚ್ಚಲ್ಲ ಎಂದು ನಿಗದಿ ಮಾಡಿದವು. ಅದಕ್ಕೆ ಮೊದಲು ಸಾವಿರದ ಐನೂರು, ಎರಡು ಸಾವಿರ ಗಂಟೆ ಉರಿಯುವ ಬಲ್ಬುಗಳು ಮಾರಾಟದಲ್ಲಿದ್ದವು. ಸದಸ್ಯ ಕಾರ್ಖಾನೆಗಳು ಮಾದರಿ ಬಲ್ಬುಗಳನ್ನು ಪರೀಕ್ಷೆಗೆ ಕಳಿಸಬೇಕಿತ್ತು. ಹೆಚ್ಚು ಕಾಲ ಉರಿದರೆ ದಂಡ! ಎರಡನೆಯ ಮಹಾಯುದ್ಧ ಆರಂಭವಾದಾಗ ಈ ಕೂಟ ಮುರಿದುಬಿತ್ತು. ಸಾವಿರ ಗಂಟೆಯ ಅಳತೆ ಮಾತ್ರ ಉಳಿದುಕೊಂಡಿತು.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಅಗತ್ಯ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಹೆಚ್ಚು ಕಾದಷ್ಟೂ ಅದೇ ವಿದ್ಯುತ್ತಿಗೆ ಹೆಚ್ಚು ಬೆಳಕು ಕೊಡುತ್ತದೆ. ಆದರೆ ಹೆಚ್ಚು ಕಾದ ತಂತಿ ಬೇಗ ಸವೆದು ತುಂಡಾಗುತ್ತದೆ. ಎರಡು ಸಾವಿರ ಗಂಟೆ ಬಾಳುವ ಬಲ್ಬು ಬೇಕೆಂದರೆ ಮಂಕು ಬೆಳಕಿಗೆ ಒಪ್ಪಬೇಕು, ಇಲ್ಲವೆ ಹೆಚ್ಚು ವಿದ್ಯುತ್ತಿಗೆ ಹಣ ತೆರಬೇಕು. 1951ರಲ್ಲಿ ಬ್ರಿಟನ್ನಿನ ಏಕಸ್ವಾಮ್ಯ ಆಯೋಗ ಈ ಕೂಟದ ವ್ಯವಹಾರವನ್ನು ವಿಚಾರಿಸಿದಾಗ, ಸಾವಿರ ಗಂಟೆಯೆಂಬ ಅಳತೆ ಅದರಷ್ಟಕ್ಕೇ ಗ್ರಾಹಕರಿಗೆ ಮಾಡಿದ ಮೋಸವಲ್ಲ ಎಂಬ ಅಭಿಪ್ರಾಯಕ್ಕೆ ಬಂದಿತು. ನೂರು ವ್ಯಾಟಿನ ಬಲ್ಬು ಸಾವಿರ ಗಂಟೆ ಉರಿದರೆ ನೂರು ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಅದರ ಮುಂದೆ ಬಲ್ಬಿನ ಬೆಲೆ ಅಲ್ಪ. ಆದ್ದರಿಂದ ಫೀಬಸ್ ಕೂಟದ ತಪ್ಪು ಲೆಕ್ಕದಲ್ಲಿಲ್ಲ. ಎರಡು ಬಗೆಯ ಬಲ್ಬುಗಳನ್ನೂ ಅಂಗಡಿಯಲ್ಲಿಟ್ಟು, ವಿಷಯ ತಿಳಿಸಿ, ಕೊಳ್ಳುವವನಿಗೆ ಬಿಡಬಹುದಿತ್ತು. ಅವರು ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಹೀಗೆ ಮಾಡಿದ ಬಲ್ಬೂ ಮಿತವ್ಯಯಿಯಾಗಿರಲಿಲ್ಲ. ಅದು ನುಂಗುವ ವಿದ್ಯುತ್ತಿನಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ ಕಣ್ಣಿಗೆ ಕಾಣುವ ಬೆಳಕಾಗುತ್ತದೆ, ಉಳಿದದ್ದು ಶಾಖ. 1973ರ ತೈಲ ಬಿಕ್ಕಟ್ಟಿನ ಅನಂತರ ಈ ಪೋಲು ಎಲ್ಲರ ಕಣ್ಣಿಗೆ ಬಿತ್ತು. ಟ್ಯೂಬ್‌ಲೈಟನ್ನು ಸುರುಳಿ ಸುತ್ತಿ ಬಲ್ಬಿನ ಗಾತ್ರಕ್ಕೆ ತರುವ ವಿನ್ಯಾಸವನ್ನು 1976ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಡ್ವರ್ಡ್ ಹ್ಯಾಮರ್ ರೂಪಿಸಿದರು. ಅದನ್ನು ತಯಾರಿಸಲು ಹೊಸ ಕಾರ್ಖಾನೆಗಳೇ ಬೇಕಾದೀತೆಂದು ಕಂಪನಿ ಆ ವಿನ್ಯಾಸವನ್ನು ಬದಿಗಿಟ್ಟಿತು. 1980ರಲ್ಲಿ ಫಿಲಿಪ್ಸ್ ಬೇರೊಂದು ಮಾದರಿಯನ್ನು ಮಾರುಕಟ್ಟೆಗೆ ತಂದಿತು. ನಾವು ಸಿ.ಎಫ್.ಎಲ್. ಎಂದು ಕರೆಯುವುದು ಇದನ್ನೇ. ವಿದ್ಯುತ್ ನಾಲ್ಕನೇ ಒಂದು ಭಾಗ ಸಾಕು, ಬಾಳಿಕೆಯೂ ಹೆಚ್ಚು. ಆದರೂ ಇಪ್ಪತ್ತೈದು ವರ್ಷ ಕಳೆದರೂ ಬಹುಪಾಲು ಮನೆಗಳು ಹಳೆಯ ಬಲ್ಬನ್ನೇ ಕೊಳ್ಳುತ್ತಿದ್ದವು. ಜನರಿಗೆ ತಿಳಿವಳಿಕೆಯಿಲ್ಲ ಎಂದರು ಸರ್ಕಾರದವರು. ನಮಗೆ ಆ ಬೆಳಕು ಹಿಡಿಸುವುದಿಲ್ಲ ಎಂದರು ಜನ.

ಜನರ ಮಾತಿನಲ್ಲಿ ಹುರುಳಿತ್ತು. ಕಾದ ತಂತಿಯ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಎಡೆಬಿಡದೆ ಇರುತ್ತವೆ. ಸಿ.ಎಫ್.ಎಲ್. ಬೆಳಕಿನಲ್ಲಿ ಕೆಲವು ಬಣ್ಣಗಳು ಎದ್ದು ನಿಲ್ಲುತ್ತವೆ, ನಡುವಿನವು ಸೊರಗುತ್ತವೆ. ಸ್ಟುಡಿಯೊದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದು ದಿನನಿತ್ಯದ ಅನುಭವ. ಅಗ್ಗದ ಸಿ.ಎಫ್.ಎಲ್. ಕೆಳಗೆ ಕ್ಯಾಮೆರಾ ಇಟ್ಟರೆ ಗುಲಾಬಿ ಮುಖವೂ ಹಸಿರಾಗಿ, ಜ್ವರದಿಂದ ಎದ್ದುಬಂದಂತೆ ಕಾಣುತ್ತದೆ. ಜೊತೆಗೆ ಪ್ರತಿ ದೀಪದಲ್ಲಿಯೂ ಕೆಲವು ಮಿಲಿಗ್ರಾಂ ಪಾದರಸವಿತ್ತು.

ಇಂಥ ಸ್ಥಿತಿಯಲ್ಲಿ ಕಾಯಿದೆಗಳು ಬಂದವು. 2007ರ ಡಿಸೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಇಂಧನ ಕಾಯಿದೆಯೊಂದಕ್ಕೆ ಸಹಿ ಹಾಕಿದರು. ಅದರಲ್ಲಿ ಯಾವ ಬಲ್ಬನ್ನೂ ಹೆಸರಿಸಿ ನಿಷೇಧಿಸಿರಲಿಲ್ಲ. ನೂರು ವ್ಯಾಟಿನ ಬಲ್ಬು ಕೊಡುವಷ್ಟು ಬೆಳಕನ್ನು 2012ರಿಂದ 72 ವ್ಯಾಟಿಗೆ ಮೀರದಂತೆ ಕೊಡಬೇಕು, 2014ರ ಹೊತ್ತಿಗೆ 60 ವ್ಯಾಟಿನದು 43ಕ್ಕೆ ಇಳಿಯಬೇಕು, ಹೀಗೆ ಅಳತೆಗಳನ್ನಷ್ಟೇ ಹೇಳಿತ್ತು. ಒಲೆಯೊಳಗಿನ ದೀಪ, ಫ್ರಿಜ್ಜಿನ ದೀಪ ಮೊದಲಾಗಿ 22 ಬಗೆಗಳಿಗೆ ವಿನಾಯಿತಿಯೂ ಇತ್ತು. ತಂತಿಯ ಸುತ್ತ ಹ್ಯಾಲೊಜೆನ್ ಅನಿಲ ತುಂಬಿದ ಬಲ್ಬು ಈ ಅಳತೆಯನ್ನು ಮುಟ್ಟಬಲ್ಲದಾಗಿತ್ತು. ನೋಡಲು ಅದು ಹಳೆಯದರ ತದ್ರೂಪ. ಆದರೂ ಜನರ ಬಾಯಲ್ಲಿ ಇದು ‘ಬಲ್ಬ್ ನಿಷೇಧ’ವೆಂದೇ ಪ್ರಚಾರವಾಯಿತು.

2010ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾ ರಾಜ್ಯದ ವಿಂಚೆಸ್ಟರಿನಲ್ಲಿದ್ದ ಜನರಲ್ ಎಲೆಕ್ಟ್ರಿಕ್‌ನ ಬಲ್ಬು ಕಾರ್ಖಾನೆ ಮುಚ್ಚಿತು. ದೇಶದಲ್ಲಿ ಉಳಿದಿದ್ದ ಇಂಥ ದೊಡ್ಡ ಕಾರ್ಖಾನೆಗಳಲ್ಲಿ ಅದೇ ಕೊನೆಯದು. ಸುಮಾರು ಇನ್ನೂರು ಮಂದಿ ಕೆಲಸ ಕಳೆದುಕೊಂಡರು. ಅವರು ಮಾಡುತ್ತಿದ್ದ ಬಲ್ಬಿನ ಜಾಗಕ್ಕೆ ಬರುತ್ತಿದ್ದ ಸಿ.ಎಫ್.ಎಲ್. ದೀಪಗಳು ಬಹುಮಟ್ಟಿಗೆ ಚೀನಾದಲ್ಲಿ ತಯಾರಾಗುತ್ತಿದ್ದವು. ಕಾಯಿದೆಯನ್ನು ಮೆಚ್ಚುವವರು ಈ ಸಂಗತಿಯನ್ನು ಮರೆಯಬಾರದು. 2011ರಲ್ಲಿ ಟೆಕ್ಸಾಸ್ ರಾಜ್ಯ ತನ್ನೊಳಗೇ ತಯಾರಾಗಿ ತನ್ನೊಳಗೇ ಮಾರಾಟವಾಗುವ ಬಲ್ಬುಗಳಿಗೆ ಕೇಂದ್ರದ ಕಾಯಿದೆ ಅನ್ವಯಿಸುವುದಿಲ್ಲವೆಂದು ತನ್ನದೇ ಶಾಸನ ಮಾಡಿಕೊಂಡಿತು. ಅದೇ ವರ್ಷದ ಜುಲೈನಲ್ಲಿ ಬಲ್ಬಿನ ನಿಯಮಗಳನ್ನು ರದ್ದುಮಾಡುವ ಮಸೂದೆ ಪ್ರತಿನಿಧಿ ಸಭೆಗೆ ಬಂದು, ಪರವಾಗಿ 233, ವಿರುದ್ಧವಾಗಿ 193 ಮತಗಳು ಬಿದ್ದವು. ಮಂಡಿಸಿದ ವಿಧಾನಕ್ಕೆ ಮೂರನೇ ಎರಡರಷ್ಟು ಬಹುಮತ ಬೇಕಾಗಿದ್ದರಿಂದ ಅದು ಬಿದ್ದುಹೋಯಿತು. ಡಿಸೆಂಬರಿನಲ್ಲಿ ಕಾಂಗ್ರೆಸ್ಸು ಬೇರೊಂದು ಉಪಾಯ ಹೂಡಿತು. ಕಾಯಿದೆ ಇರಲಿ, ಅದನ್ನು ಜಾರಿ ಮಾಡಲು ಹಣ ಮಾತ್ರ ಕೊಡುವುದಿಲ್ಲ ಎಂದಿತು! ಅಷ್ಟರಲ್ಲಿ ತಯಾರಕರು ಹೊಸ ಅಳತೆಗೆ ಯಂತ್ರಗಳನ್ನು ಬದಲಿಸಿಕೊಂಡಿದ್ದರು. ಅವರು ಹಿಂದೆ ಸರಿಯಲಿಲ್ಲ.

ಯೂರೋಪು ಹಿಡಿದ ದಾರಿ ಬೇರೆ. ಅಲ್ಲಿ 2005ರ ಒಂದು ನಿರ್ದೇಶನದ ಆಧಾರದ ಮೇಲೆ, ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳ ಸಮಿತಿ ಒಪ್ಪಿದ ನಿಯಮವನ್ನು ಯೂರೋಪಿಯನ್ ಆಯೋಗ 2009ರ ಮಾರ್ಚ್ 18ರಂದು ಹೊರಡಿಸಿತು. ಸೆಪ್ಟೆಂಬರಿನಲ್ಲಿ ನೂರು ವ್ಯಾಟಿನ ಬಲ್ಬು ಹೋಯಿತು, ಮುಂದಿನ ವರ್ಷ 75ರದು, ಆಮೇಲೆ 60ರದು, 2012ರಲ್ಲಿ 40 ಮತ್ತು 25. ಅಮೆರಿಕದಲ್ಲಿ ಜಗಳವಾದರೂ ಅದು ಚುನಾಯಿತ ಸಭೆಯೊಳಗೆ, ಮತ ಎಣಿಸಿ ನಡೆಯಿತು. ಯೂರೋಪಿನ ಸಾಮಾನ್ಯ ಪ್ರಜೆಗೆ ತನ್ನ ಮನೆಯ ಬಲ್ಬಿನ ತೀರ್ಮಾನ ಯಾವ ಕೋಣೆಯಲ್ಲಿ ಆಯಿತೆಂಬುದೇ ತಿಳಿಯಲಿಲ್ಲ. ಆ ನಿಯಮದ ಗುರಿ ಸರಿಯಿತ್ತು. ಅದನ್ನು ತಂದ ರೀತಿಯನ್ನು ಮಾತ್ರ ನಾನು ಒಪ್ಪಲಾರೆ.

ಗುರಿ ಸರಿಯಿದ್ದಾಗಲೂ ಒಂದು ತೊಡಕು ಉಳಿಯುತ್ತದೆ. ಕೆಲವರ ಚರ್ಮ ಕೆಲವು ಬಗೆಯ ಬೆಳಕನ್ನು ತಾಳಲಾರದು. ಲೂಪಸ್‌ನಂಥ ಕಾಯಿಲೆಯವರಿಗೆ ನೇರಳಾತೀತ ಕಿರಣ ಸ್ವಲ್ಪವಿದ್ದರೂ ತೊಂದರೆ. ಸಿ.ಎಫ್.ಎಲ್.ನಿಂದ ಅಂಥ ಕಿರಣ ಅಲ್ಪ ಪ್ರಮಾಣದಲ್ಲಿ ಹೊರಬೀಳುತ್ತದೆ. ಯೂರೋಪಿಯನ್ ಆಯೋಗದ ವೈಜ್ಞಾನಿಕ ಸಮಿತಿಯೇ 2008ರಲ್ಲಿ, ಯೂರೋಪಿನ ಸುಮಾರು ಎರಡೂವರೆ ಲಕ್ಷ ಮಂದಿಗೆ ಇದರಿಂದ ತೊಂದರೆ ಹೆಚ್ಚಬಹುದೆಂದು ಅಂದಾಜು ಮಾಡಿತ್ತು. ಗಾಜಿನ ಇನ್ನೊಂದು ಹೊದಿಕೆ ಹಾಕಿದರೆ ಅಪಾಯ ಬಹಳ ಕಡಿಮೆಯಾಗುತ್ತದೆಂದೂ ಹೇಳಿತ್ತು. ಜನಸಂಖ್ಯೆಗೆ ಹೋಲಿಸಿದರೆ ಇದು ಎರಡು ಸಾವಿರಕ್ಕೆ ಒಬ್ಬರು. ಆ ಒಬ್ಬರ ಪಾಲಿಗೆ ಹಳೆಯ ಬಲ್ಬು ಬೇಕೆನ್ನುವುದು ಹಟವಾಗಲಿ ರುಚಿಯ ಮಾತಾಗಲಿ ಅಲ್ಲ. ಸಂಜೆ ತನ್ನ ಮನೆಯಲ್ಲಿ ಕುಳಿತು ಓದಬಹುದೇ ಎಂಬ ಪ್ರಶ್ನೆ. ಸ್ವಾತಂತ್ರ್ಯದ ಹೆಸರಿನಲ್ಲಿ ಗಟ್ಟಿಯಾಗಿ ಕೂಗಿದವರ ನಡುವೆ ಇವರ ದನಿ ಕೇಳಿಸಲೇ ಇಲ್ಲ.

ಜರ್ಮನಿಯ ಒಬ್ಬ ಎಂಜಿನಿಯರು ಮಾತ್ರ ನಗಿಸಿದ. 2010ರಲ್ಲಿ ಅವನು ನೂರು ಮತ್ತು 75 ವ್ಯಾಟಿನ ಬಲ್ಬುಗಳನ್ನು ತರಿಸಿ ‘ಹೀಟ್‌ಬಾಲ್’ ಎಂಬ ಹೆಸರಿನಲ್ಲಿ ಮಾರಲು ಹೊರಟ. ಇದು ದೀಪವಲ್ಲ, ಕೋಣೆ ಬೆಚ್ಚಗಿಡುವ ಪುಟ್ಟ ಹೀಟರು. ಬೆಳಕು ಬರುವುದು ಅದರ ದೋಷವಷ್ಟೆ ಎಂಬುದು ಅವನ ವಾದ. ಭೌತಶಾಸ್ತ್ರದ ದೃಷ್ಟಿಯಿಂದ ಅವನ ಮಾತನ್ನು ತೆಗೆದುಹಾಕುವಂತಿಲ್ಲ. ಮೊದಲ ನಾಲ್ಕು ಸಾವಿರ ಕೆಲವೇ ದಿನಗಳಲ್ಲಿ ಖರ್ಚಾದವು. ಅಧಿಕಾರಿಗಳು ಮಾರಾಟ ನಿಲ್ಲಿಸಿದರು, ನ್ಯಾಯಾಲಯವೂ ಅವನ ಕೈಹಿಡಿಯಲಿಲ್ಲ.

ಇಷ್ಟೆಲ್ಲ ನಡೆಯುತ್ತಿದ್ದಾಗ ಜಗಳವನ್ನೇ ಹಳತಾಗಿಸುವ ದೀಪವೊಂದು ಬೆಳೆಯುತ್ತಿತ್ತು. ನೀಲಿ ಎಲ್.ಇ.ಡಿ. 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಸಿದ್ಧವಾಯಿತು. ಅದಕ್ಕಾಗಿ ಅಕಸಾಕಿ, ಅಮಾನೊ, ನಾಕಮುರ ಅವರಿಗೆ 2014ರ ನೊಬೆಲ್ ಬಹುಮಾನ ಬಂದಿತು. ನೀಲಿ ಬೆಳಕನ್ನು ಹಳದಿ ರಂಜಕದ ಮೂಲಕ ಹಾಯಿಸಿದರೆ ಬಿಳಿ ಬೆಳಕು. ಅಮೆರಿಕದ 2007ರ ಕಾಯಿದೆಯಲ್ಲೇ 60 ವ್ಯಾಟಿನ ಬಲ್ಬಿಗೆ ಬದಲಿ ಎಲ್.ಇ.ಡಿ. ಮಾಡಿದವರಿಗೆ ಒಂದು ಕೋಟಿ ಡಾಲರು ಬಹುಮಾನ ಇಟ್ಟಿದ್ದರು. ಫಿಲಿಪ್ಸ್ ಅದನ್ನು 2011ರಲ್ಲಿ ಗೆದ್ದಿತು. ಮರುವರ್ಷ ಅಂಗಡಿಗೆ ಬಂದಾಗ ಆ ದೀಪದ ಬೆಲೆ 50 ಡಾಲರಿನ ಆಸುಪಾಸು! ಕಾಯಿದೆ ಐದಾರು ವರ್ಷ ತಡವಾಗಿ ಬಂದಿದ್ದರೆ ಯಾರೂ ಸಿ.ಎಫ್.ಎಲ್. ಸಹಿಸಬೇಕಾಗಿರಲಿಲ್ಲ ಎಂದು ವಾದಿಸಬಹುದು. ಕಾಯಿದೆಯೇ ಇಲ್ಲದಿದ್ದರೆ ಕಂಪನಿಗಳು ಎಲ್.ಇ.ಡಿ.ಗೆ ಅಷ್ಟು ಬೇಗ ಬಂಡವಾಳ ಹಾಕುತ್ತಿದ್ದವೇ ಎಂದೂ ಕೇಳಬಹುದು. 1976ರಲ್ಲಿ ಹ್ಯಾಮರ್ ಅವರ ಸುರುಳಿಗೆ ಆದ ಗತಿಯನ್ನು ನೆನೆದರೆ ನನಗೆ ಎರಡನೆಯ ವಾದವೇ ಹೆಚ್ಚು ಗಟ್ಟಿಯಾಗಿ ತೋರುತ್ತದೆ. ಅಮೆರಿಕದಲ್ಲಿ ಮಾತ್ರ ಎಳೆದಾಟ ಮುಗಿಯಲಿಲ್ಲ. 2019ರಲ್ಲಿ ಟ್ರಂಪ್ ಸರ್ಕಾರ ಮುಂದಿನ ಹಂತದ ನಿಯಮವನ್ನು ಕೈಬಿಟ್ಟಿತು, 2022ರಲ್ಲಿ ಬೈಡನ್ ಸರ್ಕಾರ ಅದನ್ನು ಮರಳಿ ತಂದಿತು. ಪ್ರತಿ ವ್ಯಾಟಿಗೆ ಕನಿಷ್ಠ 45 ಲ್ಯೂಮೆನ್ ಬೆಳಕು ಬೇಕೆಂಬ ಆ ನಿಯಮ 2023ರ ಆಗಸ್ಟ್ 1ರಿಂದ ಪೂರ್ಣವಾಗಿ ಜಾರಿಯಾಯಿತು.

ಇನ್ನು ನಮ್ಮ ಕಡೆಗೆ ಬರೋಣ. 1905ರಲ್ಲೇ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿತ್ತು, 1936ರಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯೂ ಸ್ಥಾಪನೆಯಾಯಿತು. 2003ರಲ್ಲಿ ಅದು ಮುಚ್ಚಿದ್ದು ಯಾವ ನಿಷೇಧದಿಂದಲೂ ಅಲ್ಲ. ಆದರೆ ನಮ್ಮ ಬಹುಪಾಲು ಮನೆಗಳಲ್ಲಿ ಆಯ್ಕೆಯ ಪ್ರಶ್ನೆ ಬೇರೆಯೇ ಇತ್ತು. 2011ರ ಜನಗಣತಿಯಂತೆಯೂ ದೇಶದ ನೂರರಲ್ಲಿ ಮೂವತ್ತೊಂದು ಮನೆಗಳಿಗೆ ಸೀಮೆಎಣ್ಣೆಯೇ ಬೆಳಕು. ಎಷ್ಟು ಲೀಟರು, ಯಾವ ತಿಂಗಳು, ಯಾವ ಬೆಲೆಗೆ ಎಂಬುದನ್ನು ಪಡಿತರ ಚೀಟಿ ನಿರ್ಧರಿಸುತ್ತಿತ್ತು. ಬೇರೆಡೆಗೆ ಸಾಗಿಸದಂತೆ ಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದರು. ಕರ್ನಾಟಕದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ವಿದ್ಯುತ್ ಕೊಟ್ಟಾಗ ಒಂದು ಮನೆಗೆ ಒಂದೇ ದೀಪ, 40 ವ್ಯಾಟಿನ ಬಲ್ಬು ಎಂಬುದು ಕ್ರಮ. ಅಡುಗೆಮನೆಗೆ ಹಾಕಬೇಕೋ ಮಕ್ಕಳು ಓದುವಲ್ಲಿಗೋ ಎಂಬುದಷ್ಟೇ ಮನೆಯವರ ಆಯ್ಕೆ.

ಭಾರತ ಸರ್ಕಾರ ಹಳೆಯ ಬಲ್ಬನ್ನು ನಿಷೇಧಿಸಲಿಲ್ಲ. 2009ರಲ್ಲಿ ಹಳೆಯ ಬಲ್ಬು ಕೊಟ್ಟರೆ 15 ರೂಪಾಯಿಗೆ ಸಿ.ಎಫ್.ಎಲ್. ಕೊಡುವ ‘ಬಚತ್ ಲ್ಯಾಂಪ್’ ಯೋಜನೆ ಬಂದಿತು. 2015ರ ಜನವರಿ 5ರಂದು ಆರಂಭವಾದ, ಆಮೇಲೆ ‘ಉಜಾಲಾ’ ಎಂದು ಹೆಸರಾದ ಯೋಜನೆ ಇನ್ನೂ ಸರಳ. ಕರ್ನಾಟಕದಲ್ಲಿ ಇದು ‘ಹೊಸಬೆಳಕು’ ಎಂಬ ಹೆಸರಿನಲ್ಲಿ ಬಂದಿತು. ಸಾರ್ವಜನಿಕ ಕಂಪನಿಯೊಂದು ಕೋಟಿಗಟ್ಟಲೆ ಎಲ್.ಇ.ಡಿ. ಬಲ್ಬುಗಳಿಗೆ ಒಟ್ಟಿಗೆ ಟೆಂಡರ್ ಕರೆಯಿತು. 2014ರಲ್ಲಿ 310 ರೂಪಾಯಿಯಿದ್ದ ಖರೀದಿ ಬೆಲೆ 2016ಕ್ಕೆ 38 ರೂಪಾಯಿಗೆ ಇಳಿಯಿತು. ಈ ಯೋಜನೆಯಲ್ಲಿ ಹಂಚಿದ ಬಲ್ಬುಗಳು 36 ಕೋಟಿಗೂ ಹೆಚ್ಚು. ಅಂಗಡಿಯಲ್ಲೂ ಬೆಲೆ ಬಿತ್ತು. 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಬೆಳಕಿಗೆ 9 ವ್ಯಾಟು ಸಾಕೆಂದು ಕರೆಂಟ್ ಬಿಲ್ಲು ನೋಡಿದವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಾಯಿದೆಗಿಂತ ಬೆಲೆ ಮೇಲು ಎಂದು ಇದರಿಂದ ಹೇಳಬಹುದೇ? ಸಂಪೂರ್ಣವಾಗಿ ಹೇಳಲಾಗದು. ಆ ಹೊತ್ತಿಗೆ ಎಲ್.ಇ.ಡಿ. ಮಾಗಿತ್ತು, ಅದನ್ನು ಮಾಗಿಸಿದ್ದರಲ್ಲಿ ಪರದೇಶಗಳ ಕಾಯಿದೆಗಳ ಪಾಲೂ ಇತ್ತು.

ಹಳೆಯ ಬಲ್ಬು ನಮ್ಮಲ್ಲಿ ಪೂರ್ತಿ ಮರೆಯಾಗಿಲ್ಲ. ಕೋಳಿ ಸಾಕುವವರಲ್ಲಿ ಹಲವರು ಒಂದು ದಿನದ ಮರಿಗಳ ಮೇಲೆ ತಗಡಿನ ಮುಚ್ಚಳ ಇಳಿಬಿಟ್ಟು, ಅದರೊಳಗೆ ಈ ಬಲ್ಬುಗಳನ್ನೇ ಉರಿಸುತ್ತಾರೆ. ಚಳಿಯಾದಾಗ ಮರಿಗಳು ಬಲ್ಬಿನ ಕೆಳಗೆ ಒತ್ತಾಗಿ ಸೇರುತ್ತವೆ, ಸೆಕೆಯಾದಾಗ ದೂರ ಸರಿಯುತ್ತವೆ; ಅದನ್ನು ನೋಡಿ ಸಾಕುವವರು ಬಲ್ಬನ್ನು ಏರಿಸುತ್ತಾರೆ, ಇಳಿಸುತ್ತಾರೆ. ಎಲ್.ಇ.ಡಿ. ಅಲ್ಲಿ ಉಪಯೋಗಕ್ಕೆ ಬಾರದು. ಜರ್ಮನಿಯ ಆ ಎಂಜಿನಿಯರು ನ್ಯಾಯಾಲಯದಲ್ಲಿ ಒಪ್ಪಿಸಲಾಗದ ವಾದ, ಬಲ್ಬು ಶಾಖ ಕೊಡುವ ಸಾಧನವೆಂಬುದು, ನಮ್ಮ ಕೋಳಿ ಶೆಡ್ಡುಗಳಲ್ಲಿ ದಿನವೂ ನಡೆಯುತ್ತಿದೆ.